ಗೋಳಗುಮ್ಮಟದ ಮೇಲಿನಿಂದ

ಬಿಜಾಪುರಕ್ಕೆ ಹೋಗಿಬಂದವರನ್ನು ಅಲ್ಲಿ ಏನು ನೋಡಿದಿರೆಂದು ವಿಚಾರಿಸಿದರೆ, ಹತ್ತರಲ್ಲಿ ಒಂಬತ್ತು ಮಂದಿ ತಾವು ನೋಡಿದ್ದನ್ನು ಹೇಳುವುದಿಲ್ಲ, ಕೇಳಿದ್ದನ್ನು ಹೇಳುತ್ತಾರೆ. ಗುಮ್ಮಟದೊಳಗೆ ಒಂದು ಚಪ್ಪಾಳೆ ತಟ್ಟಿದೆವು, ಏಳು ಸಲ ಮರುದನಿಯಾಯಿತು ಎನ್ನುವವರು ಕೆಲವರು. ಏಳಲ್ಲ, ಹತ್ತು ಎಂದು ವಾದಕ್ಕೆ ನಿಲ್ಲುವವರು ಇನ್ನು ಕೆಲವರು. ಆ ಕಟ್ಟಡದ ನೆತ್ತಿಯ ಹೊರಗಡೆ, ಗುಮ್ಮಟದ ಬುಡವನ್ನು ಸುತ್ತುವರಿದು ವಿಶಾಲವಾದ ಮಾಳಿಗೆಯೊಂದು ಇದೆಯೆಂದೂ, ಅಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತರೆ ಎರಡು ಶತಮಾನ ಬಾಳಿದ ರಾಜ್ಯವೊಂದರ ಚರಿತ್ರೆ ಕಣ್ಣೆದುರಿಗೆ ಹರಡಿಕೊಳ್ಳುವುದೆಂದೂ ಹೇಳುವವರು ವಿರಳ. ಇಂದಿನ ಭಾಷಣದಲ್ಲಿ ನಾವು ಆ ಮಾಳಿಗೆಯ ವಿಷಯವನ್ನೇ ಮುಖ್ಯವಾಗಿ ಹೇಳಬೇಕೆಂದಿದ್ದೇವೆ. ಮುಂದಿನ ರಜೆಗೆ ಎಲ್ಲಿಗೆ ಹೋಗುವುದೆಂದು ಆಲೋಚಿಸುತ್ತಿರುವ ಗೃಹಸ್ಥರಿಗೆ ಇದರಿಂದ ಸ್ವಲ್ಪ ಉಪಯೋಗವಾದರೆ ನಮ್ಮ ಶ್ರಮ ಸಾರ್ಥಕ.

ಊರಿನ ಹೆಸರು 2014ನೆಯ ಇಸವಿಯಿಂದ ಅಧಿಕೃತವಾಗಿ ವಿಜಯಪುರ. ಇದು ಹೊಸ ಹೆಸರೇನೂ ಅಲ್ಲ. ಚಾಲುಕ್ಯರ ಕಾಲದ ಹಳೆಯ ಹೆಸರೇ ಮರಳಿ ಬಂದಿದೆ. ಮೈಸೂರು ಸೀಮೆಯವರಾದ ನಮಗೆ ಈ ಊರು ದೂರದ್ದೆಂಬ ಭಾವನೆ ಬಹುಕಾಲದಿಂದ ಬಂದಿದೆ. ಚರಿತ್ರೆಯ ದೃಷ್ಟಿಯಿಂದ ಈ ಭಾವನೆ ಸರಿಯಲ್ಲ. ಗೋಳಗುಮ್ಮಟವನ್ನು ಕಟ್ಟಿಸಿದ ಮಹಮ್ಮದ್ ಆದಿಲ್ ಶಾಹನ ಸೇನಾಪತಿ ರಣದುಲ್ಲಾ ಖಾನನೇ 1638ರಲ್ಲಿ ಕೆಂಪೇಗೌಡರ ವಂಶದಿಂದ ಬೆಂಗಳೂರನ್ನು ತೆಗೆದುಕೊಂಡವನು. ಅದರ ಬೆನ್ನಲ್ಲೇ ಅವನ ದಂಡು ಶ್ರೀರಂಗಪಟ್ಟಣದ ಕೋಟೆಯ ಮುಂದೆ ಬಂದು ನಿಂತಾಗ, ಆಗತಾನೆ ಪಟ್ಟವೇರಿದ್ದ ಕಂಠೀರವ ನರಸರಾಜ ಒಡೆಯರು ಅದನ್ನು ಹಿಂದಟ್ಟಿದರು. ಬೆಂಗಳೂರು ಶಹಾಜಿಗೆ ಜಹಗೀರಾಗಿ ಸಂದಿತು. ನಮ್ಮವರು ಶ್ರೀರಂಗಪಟ್ಟಣದ ಗೋಡೆಯ ಮೇಲೆ ನಿಂತು ಯಾರ ಪಡೆಯೊಡನೆ ಕಾದಾಡುತ್ತಿದ್ದರೋ, ಅವನ ಸಮಾಧಿ ಅದೇ ವರ್ಷಗಳಲ್ಲಿ ಬಿಜಾಪುರದಲ್ಲಿ ಒಂದೊಂದೇ ವರಸೆಯಾಗಿ ಮೇಲೇಳುತ್ತಿದ್ದಿತು.

ಇನ್ನು ಪ್ರಯಾಣದ ಏರ್ಪಾಡು. ಕಾರ್ತಿಕದಿಂದ ಮಾಘದವರೆಗೆ ಹೋಗುವುದು ಉತ್ತಮ. ಚೈತ್ರ ವೈಶಾಖಗಳಲ್ಲಿ ಆ ಬಯಲಿನ ಬಿಸಿಲನ್ನು ಕಲ್ಲು ಹೀರಿಕೊಂಡು ರಾತ್ರಿಯೆಲ್ಲ ಹೊರಕ್ಕೆ ಬಿಡುತ್ತದೆ. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸಿಬಿಡಬೇಕೆಂಬ ಹಟ ಬೇಡ. ಒಂದು ಸಾಯಂಕಾಲ, ಒಂದು ಬೆಳಗು, ಇಷ್ಟಾದರೂ ಬೇಕು. ಸಾಯಂಕಾಲವನ್ನು ಇಬ್ರಾಹಿಂ ರೋಜಾಕ್ಕೂ ಬೆಳಗನ್ನು ಗೋಳಗುಮ್ಮಟಕ್ಕೂ ಮೀಸಲಿಡತಕ್ಕದ್ದು. ಬಹುಮಂದಿ ಇದನ್ನು ತಿರುಗುಮುರುಗು ಮಾಡುತ್ತಾರೆ. ರೈಲು ನಿಲ್ದಾಣ ಊರಿನ ಪೂರ್ವಕ್ಕಿದೆ, ಗುಮ್ಮಟವೂ ಆ ಕಡೆಗೇ ಇದೆ. ಇಳಿದೊಡನೆ ಕಣ್ಣಿಗೆ ಬಿದ್ದದ್ದರ ಕಡೆಗೆ ಕಾಲು ಹೊರಳುವುದು ಸಹಜ. ಆದರೆ ಈ ನಮ್ಮ ಕ್ರಮಕ್ಕೆ ಎರಡು ಕಾರಣಗಳಿವೆ. ನಗರವೆಲ್ಲ ಗುಮ್ಮಟದ ಪಶ್ಚಿಮಕ್ಕೆ ಹಬ್ಬಿಕೊಂಡಿರುವುದರಿಂದ, ಬೆಳಗ್ಗೆ ಮಾಳಿಗೆಯ ಮೇಲೆ ನಿಂತವನಿಗೆ ಸೂರ್ಯನು ಬೆನ್ನ ಹಿಂದಿರುತ್ತಾನೆ. ಊರೆಲ್ಲ ಬೆಳಕು ಹೊಯ್ದಂತೆ ಕಾಣುತ್ತದೆ. ಸಂಜೆ ಹೋದರೆ ಕಣ್ಣು ಕೋರೈಸುವುದಲ್ಲದೆ ಕಟ್ಟಡಗಳೆಲ್ಲ ಬರಿಯ ಕರಿಯ ನೆರಳುಗಳು. ಇದು ಕಣ್ಣಿನ ಕಾರಣ. ಎರಡನೆಯದು, ತಂದೆಯದನ್ನು ನೋಡದೆ ಮಗನದನ್ನು ನೋಡಿದರೆ ಮಗನದು ಅರ್ಥವಾಗುವುದಿಲ್ಲ ಎಂಬುದು.

ಇಬ್ರಾಹಿಂ ರೋಜಾ ಊರಿನ ಪಶ್ಚಿಮದಲ್ಲಿ ಕೋಟೆಯ ಗೋಡೆಯ ಆಚೆಗಿದೆ. ಎರಡನೆಯ ಇಬ್ರಾಹಿಂ ಆದಿಲ್ ಶಾಹನು 1580ರಿಂದ 1627ರವರೆಗೆ ಆಳಿದವನು. ಸಂಗೀತಪ್ರೇಮಿ, ‘ಕಿತಾಬ್-ಎ-ನವರಸ’ ಎಂಬ ಗೀತಸಂಗ್ರಹದ ಕರ್ತೃ, ಪ್ರಜೆಗಳಿಂದ ಜಗದ್ಗುರುವೆನ್ನಿಸಿಕೊಂಡವನು. ಈ ಸಮಾಧಿಯನ್ನು ಅವನ ರಾಣಿ ತಾಜ್ ಸುಲ್ತಾನಾಳಿಗೆಂದು ಎಬ್ಬಿಸಿದರು. ಕಡೆಗೆ ಅವನೂ ಅಲ್ಲಿಯೇ ಮಲಗಿದನು. ಒಳಗಿನ ಕೋಣೆ ಉದ್ದಗಲ ಸುಮಾರು 40 ಅಡಿ, ಅಷ್ಟೇ. ಆದರೆ ಅದರ ಮಾಡನ್ನು ತಲೆಯೆತ್ತಿ ನೋಡಬೇಕು. ಚಪ್ಪಟೆಯಾದ ಕಲ್ಲಿನ ಹಲಗೆಗಳು ಒಂದರ ಅಂಚಿಗೆ ಒಂದು ಒತ್ತಿಕೊಂಡು, ಕೆಳಗೆ ಕಂಬವಿಲ್ಲದೆ ತೊಲೆಯಿಲ್ಲದೆ ಗಾಳಿಯಲ್ಲಿ ತೂಗುಹಾಕಿದಂತೆ ನಿಂತಿವೆ. ಕಿಟಕಿಗಳಲ್ಲಿ ಅರಬ್ಬಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದಿದ್ದಾರೆ. ಇಳಿಹೊತ್ತಿನ ಬಿಸಿಲು ಒಳಕ್ಕೆ ಬರಬೇಕಾದರೆ ಆ ಅಕ್ಷರಗಳ ಸಂದಿನಿಂದಲೇ ಬರಬೇಕು. ಇದನ್ನು ನಿರ್ಮಿಸಿದ ಮಲಿಕ್ ಸಂದಲನ ಹೆಸರೂ, ಒಂದೂವರೆ ಲಕ್ಷ ಹೊನ್ನಿಗೆ ಮೀರಿದ ವೆಚ್ಚದ ಲೆಕ್ಕವೂ ಅಲ್ಲಿಯೇ ಶಾಸನದಲ್ಲಿವೆ.

ಈಗ ಮಗನ ಪಾಡನ್ನು ಯೋಚಿಸಿ ನೋಡಬೇಕು. 1627ರಲ್ಲಿ ಮಹಮ್ಮದನು ಪಟ್ಟಕ್ಕೆ ಬಂದಾಗ ತಂದೆಯ ಸಮಾಧಿ ಕಣ್ಣೆದುರಿಗೆ ಇದ್ದಿತು. ನಯದಲ್ಲಿ ಅದನ್ನು ಮೀರಿಸುವುದು ಆಗದ ಮಾತು. ಆದುದರಿಂದ ಅವನು ಗಾತ್ರದಲ್ಲಿ ಮೀರಿಸಲು ಹೊರಟನು ಎಂದು ಬಿಜಾಪುರದ ಕಟ್ಟಡಗಳನ್ನು ಅಳೆದು 1916ರಲ್ಲಿ ಗ್ರಂಥ ಪ್ರಕಟಿಸಿದ ಹೆನ್ರಿ ಕಸಿನ್ಸ್ ಮೊದಲಾದ ವಿದ್ವಾಂಸರ ಅಭಿಪ್ರಾಯ. ನಮಗೂ ಅದು ಒಪ್ಪಿಗೆಯೇ. ಒಂದು ತಿದ್ದುಪಡಿ ಮಾತ್ರ ಬೇಕು. ಮಹಮ್ಮದನಲ್ಲಿ ನಾಜೂಕು ಕೆಲಸದವರಿಲ್ಲದೆ ಇರಲಿಲ್ಲ. ಜುಮ್ಮಾ ಮಸೀದಿಯಲ್ಲಿ ಪ್ರಾರ್ಥನೆಯ ದಿಕ್ಕಿನ ಗೂಡನ್ನು ಬಂಗಾರದ ನೀರಿನಿಂದ ಚಿತ್ರಿಸಿ ಬೆರಗುಗೊಳಿಸುವಂತೆ ಮಾಡಿದ್ದು ಅವನ ಕಾಲದ ಕೆಲಸವೇ. ಬೇಕೆಂದಿದ್ದರೆ ಅವನು ಇನ್ನೊಂದು ಆಭರಣವನ್ನು ಮಾಡಿಸಬಹುದಾಗಿತ್ತು. ಬೇಡವೆಂದು ಬೆಟ್ಟವನ್ನು ಆರಿಸಿಕೊಂಡನು. ಉತ್ತರದಲ್ಲಿ ಷಾಜಹಾನನು ತಾಜಮಹಲನ್ನು ಕಟ್ಟಿಸುತ್ತಿದ್ದುದೂ ಇದೇ ಸಮಯದಲ್ಲಿ ಎಂಬುದನ್ನು ನೆನಪಿಡಬೇಕು. 1636ರಲ್ಲಿ ಬಿಜಾಪುರವು ಆ ಚಕ್ರವರ್ತಿಗೆ ಇಪ್ಪತ್ತು ಲಕ್ಷ ರೂಪಾಯಿ ಕಾಣಿಕೆಯನ್ನು ಒಪ್ಪಿ ತಲೆಬಾಗಿತ್ತು. ಆ ಒಪ್ಪಂದದಿಂದ ಉತ್ತರದ ಭಯ ತಗ್ಗಿದ ಮೇಲೆಯೇ ಅದರ ದಂಡು ದಕ್ಷಿಣಕ್ಕೆ, ನಮ್ಮ ಕಡೆಗೆ ತಿರುಗಿದ್ದು. ತಲೆಬಾಗಿದವನು ತಲೆಯೆತ್ತಿ ನಿಲ್ಲಿಸಿದ ಕಟ್ಟಡ ಇದು.

ಒಳಕ್ಕೆ ಹೊಕ್ಕವರಿಗೆ ಮೊದಲು ಏನೂ ಕಾಣುವುದಿಲ್ಲ, ಶೂನ್ಯವೊಂದು ಕಾಣುತ್ತದೆ. ಪ್ರತಿ ಪಕ್ಕವೂ 135 ಅಡಿಯಿರುವ ಒಂದೇ ಚೌಕ. ನೆಲದ ವಿಸ್ತೀರ್ಣ 18,000 ಚದರಡಿಗೂ ಹೆಚ್ಚು. ರೋಮಿನ ಪ್ರಸಿದ್ಧ ಪ್ಯಾಂಥಿಯನ್ ಮಂದಿರದ ನೆಲ 15,800 ಚದರಡಿಗೆ ಸ್ವಲ್ಪ ಮೇಲು. ಗುಮ್ಮಟದ ಒಳ ವ್ಯಾಸ ರೋಮಿನದಕ್ಕಿಂತ ಚಿಕ್ಕದು, ಸುಮಾರು 124 ಅಡಿ. ಚಿಕ್ಕ ಗುಮ್ಮಟದಿಂದ ದೊಡ್ಡ ನೆಲವನ್ನು ಹೊದಿಸಿದ ಚಮತ್ಕಾರವೆಲ್ಲ ನಡುವಿನ ಕಮಾನುಗಳಲ್ಲಿದೆ. ಚೌಕದೊಳಗೆ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿಟ್ಟರೆ ಎಂಟು ಮೂಲೆಯ ನಕ್ಷತ್ರವಾಗುವುದಷ್ಟೆ? ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಹಾಕುವ ರಂಗೋಲಿಯಂತೆಯೇ. ಆ ರೇಖೆಗಳ ಮೇಲೆ ಕಮಾನುಗಳು ಒಂದನ್ನೊಂದು ಹಾಯ್ದು ಒಳಮುಖವಾಗಿ ಬಾಗಿವೆ. ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳಲು ನೋಡುತ್ತದೆ. ಒಳಕ್ಕೆ ಬಾಗಿದ ಈ ಕಮಾನುಗಳ ಭಾರ ಅದನ್ನು ಹಿಂದಕ್ಕೆಳೆಯುತ್ತದೆ. ಬುಡದಲ್ಲಿ ಸುಮಾರು ಹತ್ತು ಅಡಿ ದಪ್ಪವಾದ ಇಟ್ಟಿಗೆ ಗಾರೆಯ ಚಿಪ್ಪು ಮೂರೂವರೆ ಶತಮಾನಕ್ಕೂ ಮೇಲೆ ಈ ಎಳೆದಾಟದ ಸಮತೂಕದಲ್ಲಿ ನಿಂತಿದೆ. ಕೆಳಗೆ ನಡುವಿನ ಜಗಲಿಯ ಮೇಲೆ ಸುಲ್ತಾನನ, ರಾಣಿಯರ, ಮಗಳ, ಮೊಮ್ಮಗನ, ರಂಭೆಯೆಂಬ ನರ್ತಕಿಯ ಹೆಸರಿನ ಗೋರಿಗಳಿವೆ. ಅವು ಗುರುತುಗಳು ಮಾತ್ರ. ನಿಜವಾದ ಗೋರಿಗಳು ನೆಲದಡಿಯ ನೆಲಮಾಳಿಗೆಯಲ್ಲಿವೆ. ರಂಭೆಯು ಸುಲ್ತಾನನ ಮಾತಿಗೆ ಮೇಲಿನಿಂದ ಹಾರಿ ಪ್ರಾಣಬಿಟ್ಟಳೆಂಬ ಕಥೆಯನ್ನು ದಾರಿ ತೋರಿಸುವವರು ತಪ್ಪದೆ ಹೇಳುತ್ತಾರೆ. ಕೇಳಬಹುದು, ನಂಬಬೇಕಾಗಿಲ್ಲ.

ನಾಲ್ಕು ಮೂಲೆಗಳಲ್ಲಿಯೂ ಏಳಂತಸ್ತಿನ ಎಂಟುಮೂಲೆಯ ಗೋಪುರಗಳಿವೆ. ಮೇಲಕ್ಕೆ ಹೋಗುವ ಮೆಟ್ಟಿಲು ಅವುಗಳಲ್ಲಿ ಸುತ್ತಿಕೊಂಡು ಏರುತ್ತದೆ. ಮೆಟ್ಟಿಲು ಕಿರಿದು, ಕೆಲವೆಡೆ ಎತ್ತರ. ವಯಸ್ಸಾದವರು ಒಂದೊಂದು ಅಂತಸ್ತಿನಲ್ಲಿಯೂ ನಿಂತು ಕಮಾನಿನ ಕಿಂಡಿಯಲ್ಲಿ ಗಾಳಿ ತೆಗೆದುಕೊಂಡು ಹತ್ತುವುದು ಒಳ್ಳೆಯದು. ಮೇಲಕ್ಕೆ ಬಂದೊಡನೆ ಎಲ್ಲರೂ ಒಳಗಿನ ಪಿಸುಗುಟ್ಟುವ ಮೊಗಸಾಲೆಗೆ ನುಗ್ಗುತ್ತಾರೆ. ನಾವೂ ಮೊದಲ ಸಲ ಹಾಗೆಯೇ ನುಗ್ಗಿದೆವು. ಆಗ ಮಧ್ಯಾಹ್ನ, ನಮಗಿಂತ ಮುಂಚೆ ಮೂರು ಪಾಠಶಾಲೆಗಳ ಮಕ್ಕಳು ಬಂದಿದ್ದರು. ಒಬ್ಬ ಹುಡುಗ ಕೂಗಿದ್ದನ್ನು ಗುಮ್ಮಟ ಹತ್ತಾಗಿ ಮಾಡಿಕೊಡುತ್ತಿರುವಾಗ ನೂರು ಹುಡುಗರು ಕೂಗಿದರೆ ಪರಿಣಾಮವೇನೆಂಬುದನ್ನು ವಿವರಿಸಬೇಕಾಗಿಲ್ಲ. ತಲೆ ಹಿಡಿದುಕೊಂಡು ಹೊರಗೆ ಓಡಿದೆವು. ಆ ಓಟದಿಂದಲೇ ಮಾಳಿಗೆಯ ದರ್ಶನವಾಯಿತಾದ್ದರಿಂದ ಆ ಮಕ್ಕಳಿಗೆ ನಾವು ಕೃತಜ್ಞರು.

ಬೆಳಗಿನ ಜಾವದ ಮೌನದಲ್ಲಿ ಹೋದರೆ ಮಾತ್ರ ಈ ಮೊಗಸಾಲೆಯ ಗುಣ ತಿಳಿಯುತ್ತದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1,130 ಅಡಿ ಸಾಗುತ್ತದೆ. ತಟ್ಟಿದ ಚಪ್ಪಾಳೆ ಎದುರು ಗೋಡೆಗೆ ಹೋಗಿ ಮರಳಿ ಬರಲು ಸುಮಾರು 250 ಅಡಿಯ ದಾರಿ. ಸೆಕೆಂಡಿನ ಐದನೆಯ ಒಂದು ಭಾಗಕ್ಕೆ ಸ್ವಲ್ಪ ಹೆಚ್ಚು ಕಾಲ. ಹೀಗೆ ಹೋಗಿಬರುವ ಸದ್ದು ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕುಂದುತ್ತ ಎರಡು ಸೆಕೆಂಡುಗಳಲ್ಲಿ ಒಂಬತ್ತು ಸಲ ಬಂದಿರುತ್ತದೆ. ಏಳೋ ಹತ್ತೋ ಎಂಬ ಜಗಳ ಕಟ್ಟಡದ್ದಲ್ಲ, ಎಣಿಸುವವನ ಕಿವಿಯದು. ಪಿಸುಮಾತಿನ ರೀತಿ ಬೇರೆ. ಗೋಡೆಗೆ ಬಾಯಿ ಹತ್ತಿರವಿಟ್ಟು ಮೆಲ್ಲಗೆ ನುಡಿದರೆ ದನಿ ನಡುವೆ ಹಾಯದೆ, ಬಾಗಿದ ಗೋಡೆಯನ್ನೇ ತಬ್ಬಿಕೊಂಡು ಹರಿಯುತ್ತದೆ. ಲಂಡನ್ನಿನ ಸಂತ ಪಾಲರ ಮಂದಿರದ ಇಂತಹುದೇ ಮೊಗಸಾಲೆಯನ್ನು ಪರೀಕ್ಷಿಸಿ ಈ ಕಾರಣವನ್ನು ವಿವರಿಸಿದವರು ಲಾರ್ಡ್ ರ‍್ಯಾಲೇ ಎಂಬ ವಿಜ್ಞಾನಿಗಳು. ಕೂಗುವವನಿಗೆ ಗುಮ್ಮಟ ತನ್ನ ಗದ್ದಲವನ್ನು ಕೊಡುತ್ತದೆ. ಪಿಸುಗುಟ್ಟುವವನಿಗೆ ತನ್ನ ಗುಟ್ಟನ್ನು ಕೊಡುತ್ತದೆ. ಇದು ಸಮಾಧಿಯೂ ಹೌದೆಂಬುದು ಯಾರಿಗೂ ನೆನಪಿರುವಂತೆ ಕಾಣುವುದಿಲ್ಲ.

ಈಗ ಹೊರಗಿನ ಮಾಳಿಗೆಗೆ ಬರೋಣ. ಮೊದಲು ಬೆನ್ನ ಹಿಂದೆ, ಗುಮ್ಮಟದ ಬುಡದಲ್ಲಿ ಆಳೆತ್ತರಕ್ಕೂ ಮಿಗಿಲಾದ ಎಸಳುಗಳನ್ನು ಕಾಣುತ್ತೀರಿ. ಕೆಳಗಿನಿಂದ ಅವು ಬರಿಯ ಅಂಚುಪಟ್ಟಿ. ಹತ್ತಿರದಲ್ಲಿ ತಾವರೆಯ ದಳಗಳು. ಮುಂದೆ ಪಶ್ಚಿಮಕ್ಕೆ ನೋಡಿದರೆ ಊರು. ಊರಿನ ಸುತ್ತ ಆರು ಮೈಲಿಗೂ ಮೇಲ್ಪಟ್ಟ ಕೋಟೆಯ ಗೋಡೆ ಅಲ್ಲಲ್ಲಿ ಮುರಿದು ಅಲ್ಲಲ್ಲಿ ಗಟ್ಟಿಯಾಗಿ ಓಡುತ್ತದೆ. ಒಂದನೆಯ ಅಲಿ ಆದಿಲ್ ಶಾಹನು ತನ್ನ ಸರದಾರರಿಗೆ ಒಬ್ಬೊಬ್ಬರಿಗೆ ಇಷ್ಟಿಷ್ಟೆಂದು ಹಂಚಿ ಕಟ್ಟಿಸಿ 1565ರಲ್ಲಿ ಮುಗಿಸಿದ ಗೋಡೆ ಅದು. ವಿಜಯನಗರವನ್ನು ಉರುಳಿಸಿದ ಯುದ್ಧ ನಡೆದದ್ದೂ ಅದೇ ವರ್ಷವೇ. ನೈರುತ್ಯದ ಕಡೆಗೆ ಅವನೇ ಆರಂಭಿಸಿದ ಜುಮ್ಮಾ ಮಸೀದಿಯ ಗಂಭೀರವಾದ ಗುಮ್ಮಟ. ನಡುವೆ ಒಳಕೋಟೆ, ಅಲ್ಲಿ 1561ರ ಗಗನಮಹಲಿನ ಮಹಾಕಮಾನು. ಆಚೆಗೆ ಪಶ್ಚಿಮದ ಗೋಡೆಯ ಬಳಿ 1584ರಲ್ಲಿ ಹೈದರ್ ಖಾನನು ಕಟ್ಟಿಸಿದ ಉಪ್ಪಲಿ ಬುರುಜು, ಅದರ ನೆರೆಯ ಕೊತ್ತಲದ ಮೇಲೆ ಮಲಿಕ್-ಎ-ಮೈದಾನ್ ಎಂಬ ಫಿರಂಗಿ. ಇದನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದರು. ಉದ್ದ ಹದಿನಾಲ್ಕು ಅಡಿ. 1854ರಲ್ಲಿ ಅಧಿಕಾರಿಗಳು ಇದನ್ನು ಹರಾಜಿಗಿಟ್ಟಾಗ ಅತಿ ಹೆಚ್ಚಿನ ಸವಾಲು ನೂರೈವತ್ತು ರೂಪಾಯಿ. ಅಷ್ಟು ಕಡಮೆಗೆ ಕೊಡುವುದೆಂತೆಂದು ಮಾರಾಟವನ್ನು ತಡೆದರಂತೆ. ಬೆಲೆ ಸ್ವಲ್ಪ ಏರಿದ್ದರೆ ಇಂದು ನಾವು ಬರಿಯ ಕೊತ್ತಲವನ್ನು ನೋಡಬೇಕಾಗಿದ್ದಿತು.

ಊರೊಳಗೆ ಮನೆಗಳ ನಡುವೆ ಅಲ್ಲೊಂದು ಇಲ್ಲೊಂದು ಚೌಕನೆಯ ಕಲ್ಲುಗೋಪುರ ನಿಂತಿರುವುದನ್ನು ಗಮನಿಸದೆ ಬರಬಾರದು. ಅವಕ್ಕೆ ಗುಮ್ಮಟವಿಲ್ಲ, ಅಲಂಕಾರವಿಲ್ಲ, ಯಾವ ಕಥೆಯೂ ಇಲ್ಲ. ಅವು ನೀರಿನ ಗಂಜುಗಳು. ಊರಿನ ದಕ್ಷಿಣಕ್ಕೆ 1651ರಲ್ಲಿ ಇದೇ ಮಹಮ್ಮದನು ಬೇಗಂ ತಲಾಬನ್ನು ಕಟ್ಟಿಸಿ, ಅಲ್ಲಿಂದ ನೆಲದಡಿಯಲ್ಲಿ ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಹುದುಗಿಸಿ ನೀರನ್ನು ತಂದನು. ಕೊಳವೆ ಒತ್ತಡಕ್ಕೆ ಒಡೆಯದಂತೆ ದಾರಿಯಲ್ಲಿ ಈ ಗೋಪುರಗಳಿಗೆ ನೀರನ್ನು ಏರಿಸಿ ಇಳಿಸುತ್ತಿದ್ದರು. ಹೂಳು ಅಲ್ಲಿ ತಂಗುತ್ತಿತ್ತು. ಮಳೆ ಕಡಮೆಯಾದ ಆ ಬಯಲುಸೀಮೆಯಲ್ಲಿ ಲಕ್ಷಾಂತರ ಜನರ ರಾಜಧಾನಿ ಬದುಕಿದ್ದು ಈ ನೀರಿನ ದಾರಿಗಳಿಂದ. ಸುಲ್ತಾನನು ತನಗಾಗಿ ಕಟ್ಟಿಸಿಕೊಂಡ ಮನೆಯ ಮೇಲೆ ನಿಂತು ಅವನು ಊರಿಗಾಗಿ ಕಟ್ಟಿಸಿದ್ದನ್ನು ಕಾಣುವ ಅವಕಾಶ ಇಲ್ಲಿ ಮಾತ್ರ ಇದೆ. ನಮ್ಮನ್ನು ಕೇಳಿದರೆ ಅವನ ಹೆಸರನ್ನು ಎತ್ತಿಹಿಡಿಯತಕ್ಕದ್ದು ಎರಡನೆಯ ಕೆಲಸವೇ. ಆದರೆ ಅದನ್ನು ನೋಡಲು ಯಾರೂ ರೈಲು ಹತ್ತಿ ಬರುವುದಿಲ್ಲ.

ಒಳಕೋಟೆಯ ವಾಯವ್ಯಕ್ಕೆ ಕಣ್ಣು ಹಾಯಿಸಿದರೆ ಮಾಡಿಲ್ಲದ ಕರಿಯ ಕಮಾನುಗಳ ಗುಂಪೊಂದು ಕಾಣುತ್ತದೆ. ಅದು ಬಾರಾ ಕಮಾನು. ಮಹಮ್ಮದನ ಮಗ ಎರಡನೆಯ ಅಲಿಯ ಸಮಾಧಿ. ತಂದೆಯದನ್ನು ಮೀರಿಸಬೇಕೆಂದು ಅವನು ಹೊರಟನೆಂದೂ, ಅದರ ನೆರಳು ಗೋಳಗುಮ್ಮಟದ ಮೇಲೆ ಬಿದ್ದೀತೆಂದು ಕೆಲಸವನ್ನು ನಿಲ್ಲಿಸಿದರೆಂದೂ ಊರಿನ ಮಾತು. ಎರಡಕ್ಕೂ ನಡುವೆ ಮೈಲಿಯಷ್ಟು ದೂರವಿದೆ. ನೆರಳಿಗೆ ಅಷ್ಟು ಶಕ್ತಿಯಿಲ್ಲ. ಕೆಲಸ ನಿಂತದ್ದು ಹಣವೂ ಕಾಲವೂ ಮುಗಿದುದರಿಂದ. ಒಂದು ಕಡೆ ಶಿವಾಜಿ, ಇನ್ನೊಂದು ಕಡೆ ಮೊಗಲರು. 1672ರಲ್ಲಿ ಅಲಿಯು ತೀರಿಕೊಂಡನು.

ಮಾಳಿಗೆಯಿಂದ ಇಳಿಯುವ ಮೊದಲು ಈ ವಂಶದ ಸಮಾಧಿಗಳನ್ನು ಒಂದು ಸಾಲಿನಲ್ಲಿ ಇಟ್ಟು ನೋಡಬಹುದು. ಮನೆತನದ ಸ್ಥಾಪಕನಾದ ಯೂಸುಫನೂ ಅವನ ಹಿಂದೆ ಬಂದ ಮೊದಲ ದೊರೆಗಳೂ ಬಿಜಾಪುರದಲ್ಲಿಲ್ಲ. ಶಹಾಪುರದ ಹತ್ತಿರ ಗೋಗಿಯೆಂಬ ಹಳ್ಳಿಯಲ್ಲಿ ಒಬ್ಬ ಸಂತನ ದರ್ಗಾದ ಆವರಣದಲ್ಲಿ ಸಾಮಾನ್ಯರಂತೆ ಮಲಗಿದ್ದಾರೆ. ಒಂದನೆಯ ಅಲಿ ಊರಿನಲ್ಲಿಯೇ ಸರಳವಾದ ಸಮಾಧಿಗೆ ತೃಪ್ತನಾದನು. ಅನಂತರ ಇಬ್ರಾಹಿಮನ ಆಭರಣ, ಮಹಮ್ಮದನ ಬೆಟ್ಟ, ಅಲಿಯ ಮುಗಿಯದ ಕಮಾನು. ಗೋಳಗುಮ್ಮಟವೂ ಪೂರ್ತಿ ಮುಗಿದದ್ದಲ್ಲ. 1656ರಲ್ಲಿ ಒಡೆಯನು ತೀರಿಕೊಂಡಾಗ ಗಾರೆಯ ಕೆಲಸ ಹಾಗೆಯೇ ನಿಂತಿತು. ದಕ್ಷಿಣದ ಬಾಗಿಲಿನ ಮೇಲೆ ಮೂರು ವಾಕ್ಯಗಳ ಶಾಸನವಿದೆ. ಅಕ್ಷರಗಳಿಗೆ ಸಂಖ್ಯೆಯ ಬೆಲೆ ಕಟ್ಟಿ ಕೂಡಿಸಿದರೆ ಮೂರರಿಂದಲೂ ಹಿಜರಿ 1067 ಬರುವಂತೆ, ಅವನ ಮರಣದ ವರ್ಷವನ್ನು ಮೂರು ಸಲ ಬರೆದಿದ್ದಾರೆ. ಇಳಿದು ಬಂದಾಗ ಓದಲು ಬಾರದಿದ್ದರೂ ಒಮ್ಮೆ ನಿಂತು ನೋಡಿರಿ.

1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನು ಒಂದೂವರೆ ವರ್ಷದ ಮುತ್ತಿಗೆಯ ಅನಂತರ ಊರನ್ನು ಹೊಕ್ಕನು. ಮರುವರ್ಷ ಬೆಂಗಳೂರು ಮೊಗಲರ ಕೈಸೇರಿ, ಅವರಿಂದ ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರಿಗೆ ಬಂದಿತು. ಬಿಜಾಪುರದ ಪತನದಿಂದ ಮೈಸೂರಿಗೆ ಆದ ಲಾಭ ಅದು. ಹಸುಳೆಯಾಗಿ ಪಟ್ಟಕ್ಕೆ ಬಂದು ತಾರುಣ್ಯದಲ್ಲಿಯೇ ಪಟ್ಟವನ್ನು ಕಳೆದುಕೊಂಡ ಕಡೆಯ ದೊರೆ ಸಿಕಂದರನು ಮೊಗಲರ ಶಿಬಿರದಲ್ಲಿ ಸೆರೆಯಾಗಿಯೇ ಕಾಲ ಕಳೆದು 1700ರಲ್ಲಿ ತೀರಿಕೊಂಡನು. ದೇಹವನ್ನು ಬಿಜಾಪುರಕ್ಕೆ ತಂದು ಅವನ ಗುರುವಿನ ಪಾದದ ಬಳಿ, ಆಕಾಶವೇ ಮಾಡಾದ ಒಂದು ಅಂಗಳದಲ್ಲಿ ಮಣ್ಣುಮಾಡಿದರು. ಆ ಗೋರಿ ಈ ಮಾಳಿಗೆಯಿಂದ ಕಾಣುವುದಿಲ್ಲ. ನೋಡಬೇಕೆನ್ನುವವರು ಕೆಳಗಿಳಿದು, ಊರೊಳಕ್ಕೆ ನಡೆದು, ಯಾರನ್ನಾದರೂ ದಾರಿ ಕೇಳಬೇಕು.